ಕೆಳಗಿನ ಬಚ್ಚಲಿನ ಬಾಗಿಲು

ಒಂದು ಮನೆತನದ ಭವಿಷ್ಯವನ್ನೇ ನಿರ್ಧರಿಸುವ, ಆದ್ದರಿಂದ ತಕ್ಕ ಗಾಂಭೀರ್ಯದಿಂದ ನಿರೂಪಿಸಬೇಕಾದ ಪ್ರಶ್ನೆ ಇದು: ಇನ್ನೂ ಕಟ್ಟದ ಮನೆಯ ಕೆಳಗಿನ ಬಚ್ಚಲಿಗೆ ಎರಡೂವರೆ ಅಡಿಯ ಬಾಗಿಲೋ, ಮೂರಡಿಯ ಬಾಗಿಲೋ? ಅರ್ಧ ಅಡಿ ನೆಲಕ್ಕಾಗಿ ರಾಜರು ಕಾದಾಡಿರಬಹುದು. ಆದರೆ ಅವರ ನಡುವೆ ರಾತ್ರಿಯಾದರೂ ಕದನವಿರಾಮ ಇರುತ್ತಿತ್ತು.

ಎರಡೂವರೆ ಅಡಿಯ ಪಕ್ಷಕ್ಕೆ ಅತ್ತೆಯೇ ನಾಯಕಿ. ಅವರು ದರ್ಜಿ. ಅಂಗಡಿ ಅವರದು, ಸೈಟು ಅವರ ಹೆಸರಿನಲ್ಲಿದೆ, ಅಳತೆಯ ಟೇಪು ಸದಾ ಅವರ ಕೊರಳಲ್ಲಿ. ಮೂರಡಿಯ ಪಕ್ಷದಲ್ಲಿ ಸೊಸೆ ಒಬ್ಬಳೇ. ಮಗ ಅಮ್ಮನ ಅಂಗಡಿಯಲ್ಲಿ ಬಟ್ಟೆ ಕತ್ತರಿಸುವವನು. ಮನೆಯಲ್ಲಿ ಮಾತ್ರ ಕತ್ತರಿಯ ಎರಡು ಅಲಗುಗಳ ನಡುವೆ ಸಿಕ್ಕ ಬಟ್ಟೆ.

ಸೊಸೆಯ ಹಟಕ್ಕೆ ಕಾರಣವಿತ್ತು. ಮಾವ ಕಾಲು ಕಳೆದುಕೊಂಡು ಕುರ್ಚಿ ಹಿಡಿದಾಗ ಬಾಡಿಗೆ ಮನೆಯ ಬಚ್ಚಲಿನೊಳಗೆ ಗಾಲಿಕುರ್ಚಿ ಹೋಗುತ್ತಿರಲಿಲ್ಲ. ಕುರ್ಚಿಯನ್ನು ಹೊಸ್ತಿಲ ಹೊರಗೆ ನಿಲ್ಲಿಸಿ, ಅವರ ಕಂಕುಳಿಗೆ ಕೈಹಾಕಿ, ಎತ್ತಿ ಒಳಗೊಯ್ಯಬೇಕು. ಒಯ್ಯುತ್ತಿದ್ದವಳು ಅವಳೇ. ತಾಯಿ ಮಗ ಇಬ್ಬರಿಗೂ ಅಂಗಡಿಯಲ್ಲಿ ಕೈತುಂಬ ಕೆಲಸ. ಕೆಲವು ವರ್ಷಕ್ಕೆ ಮಾವ ಹೋದರು, ಸೊಸೆಯ ಸೊಂಟವನ್ನೂ ಜೊತೆಗೆ ಕರೆದುಕೊಂಡೇ ಹೋದರು. ಈಗ ಕೆಳಗೆ ಬಿದ್ದ ಸೂಜಿ ಎತ್ತಬೇಕಾದರೂ ಅವಳು ಗೋಡೆಯ ಸಹಾಯ ಕೇಳುತ್ತಾಳೆ. ಇನ್ನೊಬ್ಬರನ್ನು ಎತ್ತಿದರೆ ಅವಳನ್ನು ಎತ್ತಲು ಬೇರೆಯವರು ಬೇಕಾಗುತ್ತಾರೆ ಎಂದು ಡಾಕ್ಟರು ಹೇಳಿದ್ದರು.

ಮನೆ ಕಟ್ಟಿಕೊಡಲಿದ್ದ ಇಂಜಿನಿಯರಮ್ಮ ತನ್ನ ಆಫೀಸಿನ ಮೇಜಿನ ಮೇಲೆ ಮೂವರ ಮುಂದೆ ನಕ್ಷೆ ಹರಡಿದಳು. ಕೆಳಗೆ ಒಂದು ಕೋಣೆ, ಅದಕ್ಕೆ ಅಂಟಿಕೊಂಡ ಬಚ್ಚಲು. ಹೊಸ್ತಿಲಿಲ್ಲ, ಗೋಡೆಗೆ ಹಿಡಿಕೆಗಳು, ಹೊರಕ್ಕೆ ತೆರೆಯುವ ಅಗಲದ ಬಾಗಿಲು.

"ಇದು ಯಾರ ಕೋಣೆ?" ಎಂದರು ಅತ್ತೆ.

"ನಿಮ್ಮದೇ ಅಮ್ಮಾ," ಎಂದಳು ಇಂಜಿನಿಯರಮ್ಮ.

"ನನಗೇನಾಗಿದೆ?"

"ಈಗ ಏನೂ ಇಲ್ಲ. ಮುಂದೆ ಯಾವಾಗಾದ್ರೂ..."

"ಕೂಸು ಹುಟ್ಟೋ ಮುಂಚೆ ಕುಲಾವಿ ಹೊಲಿಸೋರು ನಮ್ಮ ಅಂಗಡಿಗೆ ಬರ್ತಾರೆ. ಕಾಯಿಲೆ ಬರೋ ಮುಂಚೆ ಬಚ್ಚಲು ಹೊಲಿಸೋರನ್ನ ಇವತ್ತೇ ನೋಡಿದ್ದು." ಇಷ್ಟನ್ನು ಅವರು ಇಂಜಿನಿಯರಮ್ಮನಿಗೆ ಹೇಳಿದರು, ಸೊಸೆಯನ್ನು ನೋಡಿಕೊಂಡು.

"ಕಾಯಿಲೆ ಬಂದ ಮೇಲೆ ಗೋಡೆ ಬಿಚ್ಚಿ ಹೊಲಿಯೋಕಾಗಲ್ಲ ಅತ್ತೆ," ಎಂದಳು ಸೊಸೆ.

"ನಿನಗೇನು ಅವಸರ? ಜೀವ ಇದ್ದಾಗಲೇ ಹೆಣದ ಅಳತೆ ತಗೋತಿದ್ದೀಯಲ್ಲ."

"ಹೆಣಕ್ಕಾದ್ರೆ ಎರಡೂವರೆ ಅಡಿ ಧಾರಾಳ ಆಯ್ತು. ಮೂರಡಿ ಬೇಕಾಗಿರೋದು ಬದುಕಿರೋರಿಗೆ."

ಮಗ ಗಂಟಲು ಸರಿಮಾಡಿಕೊಂಡ. ಸಂಧಾನ ಮಾಡುವವರು ಮೊದಲು ಮಾಡುವ ಕೆಲಸ ಅದು. ಹೆಚ್ಚಿನವರು ಅಲ್ಲಿಗೇ ನಿಲ್ಲಿಸಿದರೆ ಒಳ್ಳೆಯದು. "ಒಂದು ಕೆಲಸ ಮಾಡೋಣ. ಈಗ ಎರಡೂವರೇನೇ ಇಡೋಣ. ಪಕ್ಕದಲ್ಲಿ ಅರ್ಧ ಅಡಿ ಮಾರ್ಜಿನ್ ಬಿಟ್ಟಿರೋಣ. ಬೇಕಾದಾಗ ಬಿಚ್ಚಿ ದೊಡ್ಡದು ಮಾಡ್ಕೊಂಡರಾಯ್ತು."

"ಅಲ್ಲಿ ಕಂಬ ಬರುತ್ತೆ ಸರ್."

"ಕಂಬಾನ ಸ್ವಲ್ಪ ಒಳಗೆ ಮಡಚಿದ್ರೆ?"

"ಮೇಲಿನ ಮಹಡಿ ನಿಲ್ಲೋದೇ ಅದರ ಮೇಲೆ."

"ಇವರ ಕೈಗೆ ಬಿಟ್ರೆ ಮನೆಗೂ ನನ್ನ ಹಾಗೆ ಸೊಂಟಕ್ಕೆ ಬೆಲ್ಟ್ ಹಾಕ್ಬೇಕಾಗುತ್ತೆ," ಎಂದಳು ಸೊಸೆ, ಕಿಟಕಿಯ ಕಡೆಗೆ.

ಇಂಜಿನಿಯರಮ್ಮ ಒಳಗಿನಿಂದ ಒಂದು ಗಾಲಿಕುರ್ಚಿ ತಳ್ಳಿಕೊಂಡು ಬಂದಳು. ಮನೆ ಕಟ್ಟಿಸಲು ಬರುವ ಎಲ್ಲರನ್ನೂ ಅದರಲ್ಲಿ ಕೂರಿಸಿ ಒಂದು ಸುತ್ತು ಹಾಕಿಸುವುದು ಅವಳ ಪದ್ಧತಿ. ಅವಳ ಆಫೀಸಿನ ಬಚ್ಚಲಿನ ಬಾಗಿಲು ಯಾವುದೋ ಕಾಲದ್ದು, ಕಿರಿದು. ಕೆಟ್ಟ ಮಾದರಿ ಕಣ್ಣೆದುರಿಗೇ ಇದ್ದರೆ ಪಾಠ ಸುಲಭ ಎಂದು ಅವಳು ಅದನ್ನು ಹಾಗೇ ಉಳಿಸಿಕೊಂಡಿದ್ದಳು.

ಅತ್ತೆ ಕೊರಳಿನ ಟೇಪು ತೆಗೆದರು. ಕುರ್ಚಿಯ ಅಗಲ ಇಪ್ಪತ್ತೈದು ಇಂಚು. ಬಾಗಿಲಿನ ಹತ್ತಿರ ಹೋಗಿ, ಚೌಕಟ್ಟಿನ ಆ ಹೊರ ಅಂಚಿನಿಂದ ಈ ಹೊರ ಅಂಚಿಗೆ ಟೇಪು ಹಿಡಿದರು. ಮೂವತ್ತು. ಜೀವಮಾನವಿಡೀ ಮೈಮೇಲೆ ಟೇಪು ಓಡಿಸಿದವರು. ಅಳತೆ ಎಂದರೆ ಅವರಿಗೆ ಹೊರಗಿನ ಸುತ್ತು. ಬಾಗಿಲಿಗೆ ಬೇಕಾದದ್ದು ಒಳಗಿನ ಖಾಲಿ ಜಾಗ ಎಂಬುದು ಅವರಿಗೆ ಹೊಳೆಯಲಿಲ್ಲ.

"ಐದಿಂಚು ಲೂಸು," ಎಂದು ಘೋಷಿಸಿದರು. "ಬಸುರಿಯ ರವಿಕೆಗೂ ನಾನು ಇಷ್ಟು ಬಿಡಲ್ಲ."

"ಅಮ್ಮಾ, ಚೌಕಟ್ಟು ಕಳೀಬೇಕು, ಬಾಗಿಲಿನ ದಪ್ಪಾನೂ..." ಎಂದು ಇಂಜಿನಿಯರಮ್ಮ ಶುರುಮಾಡುವಷ್ಟರಲ್ಲಿ ಅತ್ತೆ ಕುರ್ಚಿಯಲ್ಲಿ ಕೂತಾಗಿತ್ತು.

ಸೊಸೆ ಹಿಂದಿನಿಂದ ಹಿಡಿಕೆ ಹಿಡಿದಳು.

"ಕೈ ತೆಗಿ. ತಳ್ಳಿಸಿಕೊಳ್ಳೋ ಗತಿ ನನಗಿನ್ನೂ ಬಂದಿಲ್ಲ."

ಅವರೇ ಗಾಲಿ ತಿರುಗಿಸಿಕೊಂಡು ಹೊರಟರು. ಒಳ್ಳೆಯ ವೇಗದಲ್ಲೇ ಹೋದರು. ಮುಂದಿನ ಪುಟ್ಟ ಗಾಲಿಗಳು ಹೊಸ್ತಿಲು ಹಾರಿ ಒಳಗಿಳಿದವು. ದೊಡ್ಡ ಗಾಲಿಗಳು ಬಾಗಿಲಿಗೆ ಬಂದಾಗ ಗಾಲಿಗೂ ಚೌಕಟ್ಟಿಗೂ ನಡುವೆ ಉಳಿದದ್ದು ಬೆರಳು ಹಿಡಿಸುವಷ್ಟು ಜಾಗವೂ ಅಲ್ಲ. ಅಲ್ಲಿ ಅವರ ಎರಡೂ ಮುಷ್ಟಿಗಳಿದ್ದವು. ಕುರ್ಚಿ ನಿಂತಿತು. ಬೆರಳಗಂಟುಗಳ ಚರ್ಮ ಸುಲಿದಿತ್ತು. ಅವರು ಎದ್ದು ಬರಬಹುದಿತ್ತು. ಆದರೆ ಎದ್ದರೆ ಬಾಗಿಲು ಗೆದ್ದಂತೆ. ಕೂತೇ ಇದ್ದರು.

"ಎದ್ದೇಳಿ ಅತ್ತೆ."

"ಕುರ್ಚಿ ಹಿಂದಕ್ಕೆಳಿ."

"ಕಾಲು ಗಟ್ಟಿಯಾಗಿದೆಯಲ್ಲ ನಿಮಗೆ, ಎದ್ದೇಳಿ."

"ನನ್ನ ಕಾಲಿನ ಸುದ್ದಿ ನಿನಗೆ ಬೇಡ."

ಬೈಯುತ್ತಲೇ ಸೊಸೆಯ ಕೈಗಳು ಹಿಂದಿನಿಂದ ಅತ್ತೆಯ ಕಂಕುಳಿಗೆ ಹೋದವು. ಹಳೆಯ ರೂಢಿ, ಕೈಗಳು ಅವಳನ್ನು ಕೇಳಲಿಲ್ಲ. ತುಸು ಬಗ್ಗಿದ್ದೇ ತಡ, ಸೊಂಟ ಹಿಡಿದುಕೊಂಡಿತು. ಕೆಂಡ ಮುಟ್ಟಿದವಳಂತೆ ಕೈ ಎಳೆದುಕೊಂಡು, ಗೋಡೆಗೆ ಒರಗಿ ನಿಂತಳು.

"ನಾನು ಎತ್ತಲ್ಲ," ಎಂದಳು.

"ಈಗ ಯಾರು ಕೇಳಿದ್ರು ನಿನ್ನ?"

"ಈಗಿನ ಮಾತಲ್ಲ. ಯಾವತ್ತೂ ಎತ್ತಲ್ಲ. ಮೂರಡಿಯಾದ್ರೂ ಇಡಿ, ಒಂದಡಿಯಾದ್ರೂ ಇಡಿ. ಮಾವನ್ನ ಎತ್ತಿದೆ. ನಿಮ್ಮನ್ನ ಎತ್ತಲ್ಲ."

"ಮಾವನ್ನ ಎತ್ತಿದ್ದನ್ನ ಇನ್ನೆಷ್ಟು ದಿನ ಹೇಳ್ತೀಯ?"

"ಸೊಂಟ ನೋಯ್ತಾ ಇರೋ ತನಕ."

ಮಗ ಸೂರನ್ನು ನೋಡಿದ. ಅಲ್ಲಿ ಅವನಿಗೆ ಬೇಕಾದದ್ದೇನೂ ಇರಲಿಲ್ಲ. ಕೊನೆಗೆ ಅವನೇ ಕುರ್ಚಿಯನ್ನು ಹಿಂದಕ್ಕೆಳೆದ. ಇಂಜಿನಿಯರಮ್ಮ ಹತ್ತಿ, ಮುಲಾಮು ತಂದಳು. ಅತ್ತೆ ಅದನ್ನು ಪಕ್ಕಕ್ಕೆ ಸರಿಸಿ, ಸೆರಗಿನ ತುದಿಯನ್ನು ಕೈಗೆ ಸುತ್ತಿಕೊಂಡು ಮೇಜಿನ ಮುಂದೆ ಬಂದು ಕೂತರು.

"ಮೂರಡಿ ಮಾಡು," ಎಂದರು.

ಸೊಸೆ ತಲೆಯೆತ್ತಿದಳು.

"ಮಾಡು, ಆದ್ರೆ ಆ ಕೋಣೆ ನನಗೆ ಬೇಡ. ಸೊಂಟ ಇಲ್ಲದೋಳು ಅವಳು. ರೋಗಿಷ್ಟೆ ಅವಳು. ಅಲ್ಲಿ ಅವಳ ಹೆಸರು ಬರಿ. ನಾನು ಮೇಲಿರ್ತೀನಿ."

"ಅಮ್ಮ, ಮೆಟ್ಟಿಲು ಹತ್ತೋದು..." ಎಂದ ಮಗ.

"ಕಾಲು ಗಟ್ಟಿಯಾಗಿದೆ ಅಂತ ನಿನ್ನ ಹೆಂಡತೀನೇ ಸರ್ಟಿಫಿಕೇಟ್ ಕೊಟ್ಟಳಲ್ಲ."

ಅದು ಕೆನ್ನೆಗೆ ಹೊಡೆಯಲೆಂದೇ ಆಡಿದ ಮಾತು. ಸೊಸೆ ಅಳುತ್ತಾಳೆ, ಇಲ್ಲವೇ ಬೇಡವೆನ್ನುತ್ತಾಳೆ ಎಂದು ಮೂವರೂ ಕಾದರು.

"ಆಗಬಹುದು," ಎಂದಳು ಸೊಸೆ. "ಹಿಡಿಕೆ ಇನ್ನೊಂಚೂರು ಕೆಳಗೆ ಬರಲಿ. ನಾನು ಕುಳ್ಳಿ."

ಇಂಜಿನಿಯರಮ್ಮ ಪೆನ್ಸಿಲ್ ತಿರುಗಿಸುತ್ತ ಕೇಳಿದಳು, "ಅಮ್ಮಾ, ಮುಂದೆ ಇಳಿಯೋಕೆ ಆಗದೆ ಹೋದರೆ?"

"ಇಳಿಯಲ್ಲ."

"ಹಾಗಾದ್ರೆ ಊಟ ಯಾರು ತಗೊಂಡು ಹೋಗ್ತಾರೆ?" ಎಂದ ಮಗ.

"ನೀನು," ಎಂದರು ಅತ್ತೆ.

"ನೀವು," ಎಂದಳು ಸೊಸೆ.

ಆ ದಿನ ಇಬ್ಬರೂ ಒಪ್ಪಿದ್ದು ಇದೊಂದನ್ನೇ. ಇಂಜಿನಿಯರಮ್ಮ ನಕ್ಷೆ ತಿದ್ದಿದಳು. ಅತ್ತೆ ಸೆರಗು ಸುತ್ತಿದ ಕೈಯಲ್ಲೇ ಸಹಿ ಹಾಕಿದರು.

ಮನೆ ಎದ್ದಿತು. ಬಚ್ಚಲಿನ ಬಾಗಿಲು ಮೂರಡಿ ಇದೆ. ಕೆಳಗಿನ ಕೋಣೆಯಲ್ಲಿ ಸೊಸೆ ಇದ್ದಾಳೆ. ಅತ್ತೆ ಮೇಲಿದ್ದಾರೆ.