ಹೊತ್ತು ಕೂಗುತ್ತಿದ್ದ ಬ್ರಾಹ್ಮಿ ಆಯಿ

ಬ್ರಾಹ್ಮಿ ಆಯಿಯ ದೇಹ ಇದ್ದದ್ದು ಹಿಡಿಯಷ್ಟು. ದನಿ ಮಾತ್ರ ಓಣಿಗಾಗಿ ಮಿಕ್ಕಿ, ನೇಕಾರರ ಮಗ್ಗಗಳ ಸದ್ದನ್ನೂ ದಾಟಿ ಹೋಗುವಷ್ಟು. ರಬಕವಿಯ ಪಡುವಣ ಅಂಚಿನಲ್ಲಿದ್ದ ನಮ್ಮ ಜೈನರ ಓಣಿಯಲ್ಲಿ ಸೂರ್ಯ ಮುಳುಗಿದ ಮೇಲೆ ಯಾರೂ ತುತ್ತು ಎತ್ತುತ್ತಿರಲಿಲ್ಲ. ದೀಪದ ಬೆಳಕಿನಲ್ಲಿ ಉಂಡರೆ ಕಣ್ಣಿಗೆ ಕಾಣದ ಸೂಕ್ಷ್ಮ ಜೀವಿಗಳು ಅನ್ನದೊಡನೆ ಬಾಯಿಗೆ ಬಂದು ಹಿಂಸೆಯಾದೀತೆಂಬುದು ಹಿರಿಯರು ಹಾಕಿಕೊಟ್ಟ ನೇಮ. ಆ ನೇಮಕ್ಕೆ ಆಯಿಯೇ ಕಾವಲು. ದಿನಾ ಸಂಜೆ ಮಾಳಿಗೆಯೇರಿ, ಪಡುವಣಕ್ಕೆ ಮುಖ ಮಾಡಿ, ಅಂಗೈಯನ್ನು ಹುಬ್ಬಿಗೆ ಹಚ್ಚಿ ನೋಡಿ, "ಹೊತ್ತು ಐತ್ರೇ, ಉಣ್ಣರಿ!" ಎಂದು ಒಮ್ಮೆ ಕೂಗುತ್ತಿದ್ದಳು, ಬಿಂಬವು ಹೊಲದ ಅಂಚಿಗೆ ತಾಗಿದಾಗ "ಆತು, ಕೈ ತೊಳೀರಿ!" ಎಂದು ಇನ್ನೊಮ್ಮೆ. ಈ ಕೆಲಸಕ್ಕೆ ಆಕೆಯನ್ನು ಯಾರೂ ನೇಮಿಸಿರಲಿಲ್ಲ. ಆದರೂ ಗೋಡೆ ಗಡಿಯಾರವಿದ್ದ ಮನೆಗಳವರೂ ಆ ಕೂಗು ಬಿದ್ದ ಮೇಲೆಯೇ ತಾಟಿನ ಮುಂದೆ ಕೂರುತ್ತಿದ್ದರು.

ಆಕೆಯ ನಡಿಗೆಯೇ ಒಂದು ನೋಟ. ಮುಂದಿನ ಹೆಜ್ಜೆ ಇಡುವ ಮೊದಲು ಬಲಗಾಲಿನ ಬೆರಳನ್ನು ನೆಲದ ಮೇಲೆ ಸವರಿ, ಇರುವೆ ಸಾಲು ಇಲ್ಲವೆಂದು ಖಾತ್ರಿ ಮಾಡಿಕೊಂಡೇ ಭಾರ ಹಾಕುತ್ತಿದ್ದಳು. ಬಸದಿಗೆ ಹೊರಟ ಆಯಿಯ ಹಿಂದೆ ಸಿಕ್ಕಿಬಿದ್ದವನು ಪೂಜೆ ಮುಗಿದ ಮೇಲೆ ತಲುಪುತ್ತಿದ್ದ. ಚಳಿ ಬಿತ್ತೆಂದರೆ, ತೀರಿಹೋದ ಗಂಡನ ಕರಿ ಉಣ್ಣೆಯ ಕೋಟನ್ನು ಸೀರೆಯ ಮೇಲೆ ಏರಿಸಿ, ಮೊಣಕಾಲಿನವರೆಗೆ ಇಳಿಬಿದ್ದ ಆ ವೇಷದಲ್ಲೇ ಮಾಳಿಗೆಯ ಮೇಲೆ ನಿಲ್ಲುತ್ತಿದ್ದಳು. ನಾವು ನಕ್ಕರೆ, "ನಗ್ರಿ ನಗ್ರಿ! ಥಂಡಿಗೆ ಗಂಡಸು ಯಾರು, ಹೆಂಗಸು ಯಾರು ಗೊತ್ತಾಗತೈತೇನ?" ಎಂದು ತಾನೂ ನಗುತ್ತಿದ್ದಳು. ಯಾವ ಮಾತಿಗೂ ಆಕೆಯ ಪೀಠಿಕೆ ಒಂದೇ: "ಕಣ್ಣೀಲೆ ಕಂಡದ್ದು ಹೇಳತೇನಿ." ಕಾಣದ್ದನ್ನು ಹೇಳಿಸಲು ದೇವರಿಂದಲೂ ಆಗುತ್ತಿರಲಿಲ್ಲ. ಮಳೆ ಬಂದೀತೇ ಎಂದು ಕೇಳಿದರೆ, "ಬರ್ಲಿ, ಹೇಳತೇನಿ" ಎನ್ನುವಳು. ಮಹಾಲಿಂಗಪುರದ ಬೆಲ್ಲದ ವ್ಯಾಪಾರಿಯೊಬ್ಬ ತನ್ನ ಬೆಲ್ಲ ಸಕ್ಕರೆಗಿಂತ ಸಿಹಿಯೆಂದು ಕೊಚ್ಚಿಕೊಂಡಾಗ, ಆಯಿ ಅವನೆದುರೇ ಕುಳಿತು ಮುರಿಮುರಿದು ತಿನ್ನುತ್ತ, "ತಡಿಯೋ, ಇನ್ನೂ ಗೊತ್ತಾಗವಲ್ತು" ಎನ್ನುತ್ತ ಅರ್ಧ ಉಂಡೆ ಮುಗಿಸಿದ್ದಳು.

ಇಂಥ ಹೆಂಗಸಿನ ಕಣ್ಣಿಗೆ ಅಡ್ಡವಾಗಿ, ಓಣಿಯ ಪಡುವಣಕ್ಕೆ ಸರಿಯಾಗಿ, ನೇಮಿನಾಥ ಸಾವಕಾರರು ಹತ್ತಿಯ ಜಿನ್ನು ಕಟ್ಟಿಸಿದರು. ಹತ್ತಿಯಿಂದ ಬೀಜ ಬಿಡಿಸುವ ಕಾರ್ಖಾನೆ. ನಮ್ಮೂರನ್ನು ಆಗ ಆಳುತ್ತಿದ್ದ ಸಂಸ್ಥಾನಕ್ಕೆ ಇದು ಭೂಷಣವೆಂದು ಉದ್ಘಾಟನೆಯ ದಿನ ಭಾಷಣಗಳಾದವು. ಸಾವಕಾರರು ನಮ್ಮವರೇ, ನಮ್ಮ ಓಣಿಯವರೇ. ಅವರ ಮನೆಯಲ್ಲಿ ಬಾವಿಯ ನೀರನ್ನು ಎರಡು ಮಡಿಕೆ ಅರಿವೆಯಲ್ಲಿ ಸೋಸಿ, ಅರಿವೆಗೆ ಅಂಟಿದ ಜೀವಗಳು ಸಾಯಬಾರದೆಂದು ಮತ್ತೆ ಬಾವಿಗೇ ಬಿಡುತ್ತಿದ್ದರು. ಅಷ್ಟು ದಯಾವಂತರು! ಆದರೆ ಹೊಗೆಕೊಳವೆಯನ್ನು ಮಾತ್ರ ಬಸದಿಯ ಶಿಖರದಷ್ಟೂ ಎತ್ತರಿಸಲಿಲ್ಲ, ಕಲ್ಲಿದ್ದಲು ತುಟ್ಟಿಯೆಂದು ಹಸಿ ಹತ್ತಿಕಟ್ಟಿಗೆಯನ್ನೂ ಬೀಜದ ಸಿಪ್ಪೆಯನ್ನೂ ಎಂಜಿನ್ನಿನ ಒಲೆಗೆ ತುಂಬಿಸಿದರು. ಹೊಗೆ ಮೇಲೇರದೆ ನಮ್ಮ ಅಂಗಳಕ್ಕಿಳಿಯಿತು. ಕಾಯಿಸಿದ ಹಾಲಿನ ಮೇಲೆ ಕೆನೆಗಿಂತ ಮೊದಲು ಮಸಿ ಕಟ್ಟಿತು, ಒಣಹಾಕಿದ ಸೀರೆಗಳ ಮೇಲೆ ಅರಳೆಯ ನವಿರು ಕೂತಿತು, ಬೆಳಗಿನ ಮಂತ್ರಪಠಣಕ್ಕಿಂತ ಮುಂಚೆ ಮನೆಮನೆಯಿಂದ ಕೆಮ್ಮು ಕೇಳಿಸತೊಡಗಿತು.

ಎಲ್ಲರಿಗಿಂತ ಹೆಚ್ಚು ಬಳಲಿದವಳು ಆಯಿಯ ಸೊಸೆ ಸಾತವ್ವ. ಮಗ ಸೀರೆ ಗಂಟು ಹೊತ್ತು ಊರೂರು ತಿರುಗುವವನು. ಮನೆಯಲ್ಲಿ ಅತ್ತೆ ಸೊಸೆ ಇಬ್ಬರೇ. ತುಬಚಿಯ ಹೊಳೆಯ ಗಾಳಿಯಲ್ಲಿ ಬೆಳೆದ ಆ ಹುಡುಗಿಗೆ ಜಿನ್ನು ಶುರುವಾದ ವರ್ಷವೇ ಉಬ್ಬಸ ಹತ್ತಿತು. ತವರಿಗೆ ಹೋದರೆ ಎಂಟು ದಿನದಲ್ಲಿ ಉಸಿರು ಸಲೀಸಾಗುತ್ತಿತ್ತು. ಮರಳಿ ಬಂದರೆ ಗೋಡೆಗೆ ಒರಗಿ, ಎರಡೂ ಕೈ ನೆಲಕ್ಕೂರಿ, ಒಂದೊಂದು ಉಸಿರಿಗೂ ಹೆಗಲೆತ್ತುವ ಪಾಡು. ಗಂಡನ ಮನೆ ಬಿಟ್ಟು ತವರಲ್ಲೇ ಎಷ್ಟು ದಿನ ಕೂತಾಳು? ಆಯಿ ಸಾವಕಾರರ ಪಡಸಾಲೆಗೆ ಹೋಗಿ ನಿಂತಳು.

"ಕಣ್ಣೀಲೆ ಕಂಡದ್ದು ಹೇಳತೇನಿ, ನೇಮಣ್ಣಾ. ತುಬಚ್ಯಾಗ ಚಲೋ ಇರತಾಳ, ಇಲ್ಲಿ ಬಂದ್ರ ಸಾಯಾಕತ್ತಾಳ. ಕೊಳವಿ ಎತ್ತರ ಮಾಡಸು. ಹಸಿ ಕಟಗಿ ಸುಡಬ್ಯಾಡ."

"ಹೊಗಿ ಇಲ್ಲದ ಎಂಜಿನ್ ತಿರಗತೈತೇನ್ರಿ ಆಯಿ? ಊರಿಗೆ ಅನ್ನಾ ಹಾಕೂ ಹೊಗಿ ಅದು" ಎಂದರು ಸಾವಕಾರರು.

ಅನ್ನ ಹಾಕುವ ಹೊಗೆಯಂತೆ! ಆ ಅನ್ನ ಯಾರ ತಾಟಿನಲ್ಲಿ ಎಷ್ಟು ಬಿತ್ತೆಂಬುದು ಬೇರೆ ಮಾತು. ಮಸಿಯಲ್ಲಿ ಮಾತ್ರ ಎಲ್ಲರಿಗೂ ಸಮಪಾಲು. ಆಯಿಯ ದೂರು ಮೇಲಕ್ಕೆ ಹೋದದ್ದಕ್ಕೆ ಒಬ್ಬ ಸರಕಾರಿ ಡಾಕ್ಟರರು ಬಂದರು. ಸಾವಕಾರರ ಮನೆಯಲ್ಲಿ ಹೋಳಿಗೆ ಉಂಡು, ಓಣಿಯ ಕೆಮ್ಮು ಹವೆ ಬದಲಾದದ್ದರಿಂದ ಬಂದದ್ದೆಂದು ಹೇಳಿ ಗಾಡಿ ಹತ್ತಿದರು. ಹವೆ ಬದಲಾಗಿದ್ದು ಖರೆ. ಬದಲಿಸಿದವರು ಯಾರೆಂದು ಹೋಳಿಗೆ ಉಂಡ ಬಾಯಿ ಹೇಳಲಿಲ್ಲ.

ಮಾರ್ಗಶಿರದ ಒಂದು ಸಂಜೆ ಹೊಗೆ ಪಡುವಣ ದಿಕ್ಕನ್ನೇ ನುಂಗಿತು. ಆಯಿ ಕೋಟು ತೊಟ್ಟು ಮಾಳಿಗೆಯ ಮೇಲೆ ನಿಂತಿದ್ದಳು, ಕೂಗು ಬರಲಿಲ್ಲ. ಬಡಿಸಿಟ್ಟ ತಾಟುಗಳ ಮುಂದೆ ಓಣಿಗೆ ಓಣಿಯೇ ಕಿವಿಗೊಟ್ಟು ಕುಳಿತಿತ್ತು. ಕೊನೆಗೆ ಸಾವಕಾರರೇ ಅಂಗಳಕ್ಕೆ ಬಂದು, ಕಿಸೆಯ ಗಡಿಯಾರ ತೆಗೆದು ಹಿಡಿದು, "ಆಯೀ, ಇನ್ನೂ ಅರ್ಧಾ ತಾಸು ಐತ್ರಿ, ಕೂಗ್ರಿ!" ಎಂದರು.

"ಗಡಿಯಾರ ನಿನ್ನ ಕಿಸೇದಾಗ ಐತೋ ಯಪ್ಪಾ. ಹೊತ್ತು ಎಲ್ಲೈತಿ, ತೋರಸು."

ಸಾವಕಾರರು ಪಡುವಣಕ್ಕೆ ತಿರುಗಿದರು. ಅಲ್ಲಿ ಅವರದೇ ಹೊಗೆ ಇತ್ತು. "ನನಗ ಕಾಣವಲ್ದು. ಕಾಣದ್ದು ಐತಿ ಅಂತ ನಾ ಹೇಳಾಕಿ ಅಲ್ಲ" ಎಂದು ಆಯಿ ಕೆಳಗಿಳಿದಳು. ತಾಟುಗಳು ಹಾಗೆಯೇ ಒಳಗೆ ಹೋದವು, ಕೂಸುಗಳಿಗಷ್ಟೇ ಹಾಲು. ಮರುದಿನವೂ ಅದೇ, ಅದರ ಮರುದಿನವೂ ಅದೇ. ಓಣಿಯಲ್ಲಿ ಅಂಥ ಒಗ್ಗಟ್ಟನ್ನು ನಾನು ಹಿಂದೆ ಕಂಡಿರಲಿಲ್ಲ. ಕೆಮ್ಮಿಗೆ ಏಳದವರು, ಸಾತವ್ವನ ಉಬ್ಬಸಕ್ಕೆ ಏಳದವರು, ಸಂಜೆಯ ಊಟ ತಪ್ಪಿದೊಡನೆ ಧರ್ಮಕ್ಕೆ ಚ್ಯುತಿ ಬಂತೆಂದು ಬಸದಿಯ ಕಟ್ಟೆಯ ಮೇಲೆ ಸೇರಿ ಗುಡುಗಿದರು. ಸಾವಕಾರರ ತಾಯಿ ಮಹಾದೇವಿಯಮ್ಮ ಮಗನ ಗಡಿಯಾರವನ್ನು ನಂಬದೆ ಉಪವಾಸ ಮಲಗಿ, "ನಿನ್ನ ಹೊಗಿ ನನ್ನ ವ್ರತಾ ಕೆಡಸಾಕತ್ತೈತೋ, ಪಾಪಿ" ಎಂದು ಅತ್ತರು.

ಹೆತ್ತ ತಾಯಿಯ ಉಪವಾಸಕ್ಕೆ ಕೊನೆಗೂ ಎಂಜಿನ್ ಬಗ್ಗಿತು. ಸಂಜೆಗೆ ಒಂದು ತಾಸು ಮೊದಲೇ ಬೆಂಕಿ ತಗ್ಗಿಸಬೇಕೆಂದು ಸಾವಕಾರರು ಅಪ್ಪಣೆ ಕೊಟ್ಟರು. ಪಡುವಣ ತಿಳಿಯಾಯಿತು, ಬಿಂಬ ಕಂಡಿತು, ಓಣಿ ಹೊಟ್ಟೆ ತುಂಬ ಉಂಡಿತು. ಎಲ್ಲರೂ ಆಯಿಯನ್ನು ಕೊಂಡಾಡಿದ್ದೇ ಕೊಂಡಾಡಿದ್ದು. ವ್ರತನಿಷ್ಠೆ ಅಂದರೆ ಇದು ಎಂದರು. ಆದರೆ ತಗ್ಗಿಸಿದ ಬೆಂಕಿಯ ನಷ್ಟ ತುಂಬಿಕೊಳ್ಳಬೇಕಲ್ಲ? ನಾವು ಕೈ ತೊಳೆದು ಕದ ಹಾಕಿಕೊಂಡ ಮೇಲೆ ಒಲೆ ಮತ್ತೆ ಹೊತ್ತಿ ಇಡೀ ರಾತ್ರಿ ಉರಿಯತೊಡಗಿತು. ಚಳಿಗೆ ಮೇಲೇಳಲಾರದ ಹೊಗೆ ಕದದ ಸಂದುಗಳಿಂದ ಒಳಗೆ ಬಂದು ಸಾತವ್ವನ ಹಾಸಿಗೆಯ ಬಳಿ ಕೂತಿತು. ಆಕೆಗೆ ಮಲಗುವುದೇ ನಿಂತುಹೋಯಿತು.

ಆಗ ಆಯಿ ಒಂದು ಸಂಜೆ ಮಾಳಿಗೆಯೇರಿ, ಹೊಳೆಯುವ ಬಿಂಬವನ್ನು ನೋಡಿಯೂ ಕೂಗದೆ, ಕೆಳಗೆ ಕಾದಿದ್ದ ಓಣಿಯ ಕಡೆ ತಿರುಗಿದಳು.

"ಹೊತ್ತು ಕಾಣತೈತಿ. ಸುಳ್ಳು ಹೇಳೂದಿಲ್ಲ. ಆದ್ರ ಇವತ್ತ ನಾನೂ ಉಣ್ಣೂದಿಲ್ಲ, ನೀವೂ ಉಣಬ್ಯಾಡ್ರಿ. ಊಟಕ್ಕ ಬೆಂಕಿ ತಗ್ಗಿತು, ಉಸರಿಗೂ ತಗ್ಗಲಿ. ನೀರಾಗಿನ ಹುಳಾ ಸಾಯಬಾರ್ದಂತ ಅರಿವ್ಯಾಗ ಸೋಸತೀರಿ. ನನ್ನ ಸೊಸಿ ಉಸರಾ ಯಾವ ಅರಿವ್ಯಾಗ ಸೋಸಲಿ ನಾನು?"

ನೆರೆಮನೆಯ ಪಾರಿಸಪ್ಪನವರು ಪಡುವಣಕ್ಕೊಮ್ಮೆ ಕಣ್ಣು ಹಾಯಿಸಿ, "ಹೊತ್ತು ಐತಲ್ಲಾ ಕಾಣಾಕ! ಆಯಿ ಯಾಕ ಕೂಗಬೇಕು?" ಎಂದು ಒಳಗೆ ನಡೆದರು. ಅವರ ಹಿಂದೆ ಒಬ್ಬೊಬ್ಬರೇ ಒಳಗೆ ನಡೆದರು. ಬೆಳಕು ಇರುವಷ್ಟರಲ್ಲೇ, ಧರ್ಮಕ್ಕೆ ಕೂದಲಷ್ಟೂ ಭಂಗ ಬಾರದಂತೆ ಎಲ್ಲರೂ ಉಂಡರು. ತಾಟುಗಳ ಸದ್ದು ಮಾಳಿಗೆಯವರೆಗೂ ಕೇಳಿಸಿತು. ಥೂ, ಆ ಸದ್ದಿನಲ್ಲಿ ನನ್ನ ತಾಟಿನದೂ ಇತ್ತು.

ಪುಷ್ಯಮಾಸದ ಒಂದು ಬೆಳಿಗ್ಗೆ, ಗೋಡೆಗೆ ಒರಗಿ ಕೂತಂತೆಯೇ ಸಾತವ್ವ ತೀರಿಕೊಂಡಿದ್ದಳು. ಸಾವಕಾರರು ಕಣ್ಣೊರೆಸಿಕೊಂಡು, ಆಕೆಯ ಹೆಸರಿನಲ್ಲಿ ಬಸದಿಗೆ ಹಿತ್ತಾಳೆಯ ದೀಪಗಂಬ ಮಾಡಿಸಿಕೊಡುವೆನೆಂದು ಹೇಳಿಕಳಿಸಿದರು. ಆಯಿ ಬಸದಿಯ ಅಂಗಳದಲ್ಲಿ ಎಲ್ಲರೆದುರು ನಿಂತು, "ಬ್ಯಾಡೋ ನೇಮಣ್ಣಾ. ಅದರ ಹೊಗೀನೂ ನಮ್ಮ ಮನೀಗೇ ಬರತೈತಿ" ಎಂದಳು. ದಾನವನ್ನು ಅವಮಾನಿಸಿದಳೆಂದು ಹಿರಿಯರು ಮುಖ ತಿರುಗಿಸಿದರು. ಮುದುಕಿಗೆ ಬುದ್ಧಿ ಭ್ರಮಣೆಯಾಗಿದೆಯೆಂದರು. ಆಕೆ ಬದುಕಿದ್ದ ಉಳಿದ ವರ್ಷಗಳಲ್ಲಿ ಆ ಕೊಳವೆ ಒಂದು ಇಟ್ಟಿಗೆಯಷ್ಟೂ ಎತ್ತರವಾಗಲಿಲ್ಲ.

ಕಂಡದ್ದನ್ನೇ ಆಡುವ ಇಂಥ ಹಟಮಾರಿಗಳು ಊರಿಗೊಬ್ಬರಿಬ್ಬರು ಇರುತ್ತಾರೆ. ಅವರ ಹಟ ನಮ್ಮ ಪುಣ್ಯವನ್ನು ಕಾಯುವವರೆಗೆ ಅವರನ್ನು ಸಾಧ್ವಿಯರೆನ್ನುತ್ತೇವೆ, ಕಾಲು ಮುಟ್ಟುತ್ತೇವೆ. ಅದೇ ಹಟ ಪಕ್ಕದ ಮನೆಯ ಒಂದು ಜೀವದ ಉಸಿರನ್ನು ಕಾಯಲು ನಿಂತ ದಿನ ಜಗಳಗಂಟಿಯರೆನ್ನುತ್ತೇವೆ. ಅಂಥವರು ಎಂದೂ ಬದಲಾಗುವುದಿಲ್ಲ. ನಾವು ಹಸಿದಿದ್ದಾಗ ಅವರ ಬೆನ್ನ ಹಿಂದೆ ಊರೇ ಇರುತ್ತದೆ. ನಮ್ಮ ಹೊಟ್ಟೆ ತುಂಬಿತೋ, ಅವರು ಒಂಟಿ.