ಆಟ್ಲಿ ರೇಬರನ ಗಾಳಿಗನ್ನುಗಳು

ರೂಬೆನ್ ಮಾಸ್ಟ್ ಮೂರನೇ ಸಲ ಮೊಳೆ ಹೊಡೆಯುವ ಗಾಳಿಗನ್ನಿನ ಮೂತಿಯನ್ನು ಹಲಗೆಗೆ ಒತ್ತಿ ಟ್ರಿಗರ್ ಎಳೆದ. ಮೊಳೆ ಬರಲಿಲ್ಲ, ಬುಸ್ಸೆಂದು ಗಾಳಿ ಬಂತು. ಒಂಬತ್ತಕ್ಕೆ ಪ್ರಾರ್ಥನೆ ಶುರುವಾಗಬೇಕು. ಶವಪೆಟ್ಟಿಗೆಯನ್ನು ಗುಂಡಿಯಲ್ಲಿ ಇಡಲು ಹೊರಗಿನದೊಂದು ಒರಟು ಪೆಟ್ಟಿಗೆ ಬೇಕು. ಅದರ ಹಲಗೆಗಳು ಇನ್ನೂ ಕುದುರೆ ಲಾಯದ ನೆಲದ ಮೇಲೇ ಬಿದ್ದಿದ್ದವು.

"ಆಟ್ಲಿ ಜೊತೆ ನನ್ನ ಗನ್ನೂ ಸತ್ತೋಯ್ತಲ್ಲಪ್ಪ!" ಎಂದ ರೂಬೆನ್.

"ಬೆಳಿಗ್ಗೆ ಗನ್ನಿಗೆ ಎಣ್ಣೆ ಬಿಟ್ಟಿದ್ಯೇನೋ?" ಎಂದು ಪಕ್ಕದವನೊಬ್ಬ ಸತ್ತ ಆಟ್ಲಿಯ ದನಿಯನ್ನೇ ಅಣಕಿಸುತ್ತ ಕೇಳಿದ.

"ಅಯ್ಯೋ, ಹಾಗೆ ಕೇಳ್ಬೇಡ ಮಾರಾಯ, ಎದ್ದು ಬಂದಾನು. ಸುತ್ತಿಗೆ ತಗೊಳ್ರೋ."

ಮನೆಯೊಳಗೆ ಅಪ್ಪ ಆಟ್ಲಿಯ ಶವಪೆಟ್ಟಿಗೆಯ ಪಕ್ಕದಲ್ಲಿ ಕೂತಿದ್ದ ಲೊವೀನಾಳಿಗೆ ಆ ಬುಸ್ಸು ಕಿಟಕಿಯಿಂದ ಚೆನ್ನಾಗಿ ಕೇಳಿಸಿತು. ಒಳಗಿನ ರಬ್ಬರ್ ಉಂಗುರ ಒಣಗಿದೆ, ಬಿಚ್ಚಿ ಎರಡು ತೊಟ್ಟು ಎಣ್ಣೆ ಸವರಿದರೆ ಆಯಿತು ಎಂದು ಅವಳ ಬೆರಳುಗಳು ತುರಿಸಿದವು. ಆದರೆ ನಮ್ಮ ಆಮಿಶ್ ಕ್ರೈಸ್ತ ಪಂಗಡದಲ್ಲಿ ಸಾವಿನ ಮನೆಯವರು ಅವತ್ತು ಒಂದು ಕಡ್ಡಿಯನ್ನೂ ಎತ್ತಿಡುವಂತಿಲ್ಲ. ಹಾಲು ಕರೆಯುವುದರಿಂದ ಗುಂಡಿ ತೋಡುವವರೆಗೆ ಎಲ್ಲವೂ ನೆರೆಯವರ ಪಾಲು. ಮನೆಯವರ ಕೆಲಸ ಸುಮ್ಮನೆ ಕೂರುವುದು. ಲೊವೀನಾಳಿಗೆ ಸುಮ್ಮನೆ ಕೂತು ಅಭ್ಯಾಸವೇ ಇರಲಿಲ್ಲ.

ಅಣ್ಣ ಮ್ಯಾಲನ್ ಅವಳ ಪಕ್ಕಕ್ಕೆ ಕುರ್ಚಿ ಎಳೆದುಕೊಂಡ. ಇಂಡಿಯಾನಾದಿಂದ ಹೆಂಡತಿ, ಎಂಟು ಮಕ್ಕಳ ಸಮೇತ ಬಂದಿದ್ದ.

"ಕೇಳಿಸ್ತಾ? ಅಪ್ಪ ಹೋಗಿ ಮೂರು ದಿನ ಆಗಿಲ್ಲ, ಆಗಲೇ ಹಿಂಗೆ. ಇನ್ನು ಆ ರಿಪೇರಿ ಶೆಡ್ಡಿಗೆ ಯಾರು ಬರ್ತಾರೆ? ಸಾಮಾನೆಲ್ಲ ಹರಾಜಿಗೆ ಹಾಕಿಬಿಡೋಣ. ನೀನು ನಮ್ಮ ಜೊತೆ ಬಂದ್ಬಿಡು. ಮಕ್ಕಳಿಗೂ ಒಂದು ಕೈ ಆಗುತ್ತೆ."

"ಅಣ್ಣ, ಇವತ್ತೇ ಇದೆಲ್ಲ..."

"ಊಟ ಆದ್ಮೇಲೆ ಎಲ್ಲರಿಗೂ ಹೇಳ್ಬಿಡ್ತೀನಿ. ಆಮೇಲೆ ಯಾರೂ ಸುಮ್ನೆ ಗನ್ ಹೊತ್ಕೊಂಡು ಬರೋದು ಬೇಡ ನೋಡು."

ರಿಪೇರಿ ಮಾಡುತ್ತಿದ್ದದ್ದು ತಾನು ಎಂದು ಲೊವೀನಾ ಹೇಳಿದರೆ ಅಪ್ಪ ಏಳು ವರ್ಷ ಊರಿಗೆಲ್ಲ ಸುಳ್ಳು ಹೇಳಿದ ಎಂದಾಗುತ್ತದೆ. ಅದೂ ಅವನು ಬಿಳಿ ಬಟ್ಟೆ ಉಟ್ಟು ಎದುರಿಗೇ ಮಲಗಿರುವಾಗ. ಹೇಳದಿದ್ದರೆ ಶೆಡ್ಡು ಹೋಯಿತು. ಮೂವತ್ತೊಂಬತ್ತಕ್ಕೆ ಇನ್ನೊಬ್ಬರ ಅಡುಗೆಮನೆಯಲ್ಲಿ ಇನ್ನೊಬ್ಬರ ಮಕ್ಕಳ ಮೂಗು ಒರೆಸಿಕೊಂಡು ಇರಬೇಕು.

* * *

ಏಳು ವರ್ಷದ ಹಿಂದೆ ಮೊದಲ ಸಲ ಅದು ಅಡುಗೆಮನೆಯ ಮೇಜಿನ ಮೇಲೆ ನಡೆದಿತ್ತು. ಆಟ್ಲಿ ಆಗಲೇ ಬಡಗಿ ಕೆಲಸಕ್ಕೆ ಚಾವಣಿ ಹತ್ತುವುದನ್ನು ಬಿಟ್ಟು ರಿಪೇರಿಗೆ ಕೂತಿದ್ದ. ಕರೆಂಟು ನಮಗೆ ವರ್ಜ್ಯ, ಒತ್ತಿ ತುಂಬಿದ ಗಾಳಿ ಆಗಬಹುದು. ಹಾಗಾಗಿ ಒಹಾಯೋದ ನಮ್ಮ ಹೋಮ್ಸ್ ಕೌಂಟಿಯ ಆಮಿಶ್ ಬಡಗಿಗಳ ಹೊಟ್ಟೆಪಾಡೆಲ್ಲ ಈ ಗಾಳಿಗನ್ನುಗಳ ಮೇಲೆಯೇ. ಕೆಟ್ಟರೆ ಎಲ್ಲರೂ ಆಟ್ಲಿಯ ಹತ್ತಿರವೇ ಬರಬೇಕು.

ಅವತ್ತು ಅವನ ಕೈಯಿಂದ ಗನ್ನಿನ ರಬ್ಬರ್ ಉಂಗುರ ಜಾರಿ ಸೂಪಿನ ಬಟ್ಟಲಿಗೆ ಬಿತ್ತು. ಎತ್ತಿಕೊಂಡ, ಮತ್ತೆ ಬಿತ್ತು. ಬೆರಳುಗಳು ಬಹಳ ದಿನದಿಂದ ನಡುಗುತ್ತಿದ್ದವು. ಅವನು ಮಾತ್ರ ಚಳಿ ಅನ್ನುತ್ತಿದ್ದ, ಜುಲೈ ತಿಂಗಳಲ್ಲೂ.

ನಮ್ಮ ಹೆಂಗಸರ ಉಡುಪಿಗೆ ಗುಂಡಿ ಇಲ್ಲ, ಮುಂಭಾಗವನ್ನೆಲ್ಲ ಗುಂಡುಸೂಜಿಯಿಂದಲೇ ಚುಚ್ಚಿಕೊಳ್ಳುವುದು. ಲೊವೀನಾ ಏಪ್ರನ್ನಿನಿಂದ ಒಂದು ಸೂಜಿ ಕಿತ್ತು, ಹಳೆಯ ಉಂಗುರವನ್ನು ಸಂದಿಯಿಂದ ಎಬ್ಬಿಸಿ, ಹೊಸದನ್ನು ಕೂರಿಸಿದಳು.

"ನಿಧಾನ ಕಣೇ. ಮೊದಲು ಗಾಳಿ ಪೈಪು ತೆಗೆದಿದೀಯಾ ನೋಡ್ಕೊ. ಪೈಪು ಇರೋ ಗನ್ನಿಗೆ ಅಪ್ಪ ಯಾರು, ಮಗಳು ಯಾರು ಗೊತ್ತಾಗಲ್ಲ."

"ತೆಗೆದಿದೀನಿ ಅಪ್ಪ."

ಆಮೇಲೆ ಅದೇ ರೂಢಿಯಾಯಿತು. ಕೆಲಸ ಹಿತ್ತಲ ಶೆಡ್ಡಿಗೆ ಹೋಯಿತು. ಅವನು ಪಕ್ಕದಲ್ಲಿ ಕೂತು ಬಾಯಲ್ಲಿ ಹೇಳುವುದು, ಅವಳು ಮಾಡುವುದು. ಅಂಗಳದಲ್ಲಿ ಕುದುರೆ ಗಾಡಿಯ ಸದ್ದಾದರೆ ಗನ್ನನ್ನು ಅಪ್ಪನ ಮುಂದೆ ಸರಿಸಿ, ಅವಳು ಪಕ್ಕದ ಬುಟ್ಟಿಯಿಂದ ಬಟಾಣಿ ಸುಲಿಯಲು ಕೂರುತ್ತಿದ್ದಳು. ವರ್ಷವಿಡೀ ಬಟಾಣಿ ಸುಲಿಯುವ ಮನೆ ಇಡೀ ಒಹಾಯೋದಲ್ಲಿ ಇನ್ನೊಂದಿರಲಿಲ್ಲ.

ಹೊಸ ಗನ್ ಕೊಳ್ಳುವವರು ಬಂದರೆ ಮಾತ್ರ ಆಟ್ಲಿ ರಾಜನಾಗುತ್ತಿದ್ದ.

"ಅಂಗಡೀಲಿ ಹಿಡಿದು ನೋಡಿದ್ರೆ ಏನು ಬಂತು? ಬೆಳಿಗ್ಗೆ ಎಲ್ಲಾ ಗನ್ನೂ ಹಗುರವೇ. ಸಂಜೆ ನಾಲ್ಕಕ್ಕೆ ಹೋಗು, ದಿನವಿಡೀ ದುಡಿದ ಕೈ ತಗೊಂಡು ಹೋಗು. ತಲೆ ಮೇಲೆ ಎತ್ತಿ ಹಿಡ್ಕೋ. ಆಗ ಯಾವುದು ಭಾರ ಅನ್ನಿಸಲ್ವೋ ಅದು ನಿಂದು. ಒಂದೊಂದು ಮೊಳೆಗೂ ಒಂದೊಂದು ಸಲ ಎಳೀಬೇಕಲ್ಲ, ಆ ಟ್ರಿಗರ್‌ದೇ ತಗೋ. ತಾಗಿಸಿದ್ರೆ ಸಾಕು ಢಂ ಅನ್ನೋದು ಬೇಡ. ತೊಡೇಲಿ ಮೊಳೆ ಇಟ್ಕೊಂಡು ಮನೆಗೆ ಹೋದ್ರೆ ಹೆಂಡ್ತಿ ಮೆಚ್ಚಲ್ಲ."

* * *

ಮಣ್ಣು ಮಾಡಿ ಬಂದು ಎಲ್ಲರೂ ಊಟಕ್ಕೆ ಕೂತರು. ತಣ್ಣನೆಯ ಮಾಂಸ, ಆಲೂಗಡ್ಡೆ ಮುದ್ದೆ, ಒಣದ್ರಾಕ್ಷಿ ಪೈ. ಮೊದಲ ಪಂಕ್ತಿಯಲ್ಲಿ ಮನೆಯವರು, ಎದುರಿಗೆ ಹೆಣ ಹೊತ್ತ ನಾಲ್ವರು, ಅವರಲ್ಲಿ ರೂಬೆನ್ ಒಬ್ಬ. ಅವನ ಹೆಂಡತಿ ಫ್ಯಾನಿ ಕಾಫಿ ಬಗ್ಗಿಸುತ್ತಿದ್ದಳು. ಲೊವೀನಾಳ ತಟ್ಟೆಯಲ್ಲಿ ಪೈ ಹಾಗೆಯೇ ಉಳಿದಿತ್ತು.

ಮ್ಯಾಲನ್ ಗಂಟಲು ಸರಿಮಾಡಿಕೊಂಡ. "ಅಪ್ಪನ ಶೆಡ್ಡು ಮುಚ್ತಾ ಇದೀವಿ. ಮುಂದಿನ ತಿಂಗಳು ಹರಾಜು. ನಿಮ್ಮ ಗನ್ನುಗಳಿಗೆ ಬೇರೆ ಕಡೆ ನೋಡ್ಕೊಬೇಕು."

ಮೇಜಿನ ಸುತ್ತ ಚಮಚಗಳು ನಿಂತವು.

"ಯಾಕೆ?" ಎಂದ ರೂಬೆನ್.

"ಯಾಕೆ ಅಂದ್ರೆ? ರಿಪೇರಿ ಮಾಡೋರು ಯಾರು ಇನ್ನು?"

"ಇಷ್ಟು ದಿನ ಮಾಡ್ತಿದ್ದೋರೇ."

ಲೊವೀನಾಳ ಮುಖ ಕಾದ ಕಾವಲಿಯಾಯಿತು.

ರೂಬೆನ್ ಟೋಪಿಯ ಪಟ್ಟಿಯೊಳಗಿಂದ ಏನನ್ನೋ ತೆಗೆದು ಮೇಜಿನ ಮೇಲಿಟ್ಟ. ಒಂದು ಗುಂಡುಸೂಜಿ. "ಆಟ್ಲಿ ರಿಪೇರಿ ಮಾಡಿಕೊಟ್ಟ ಗನ್ನಲ್ಲಿ ಇದು ಸಿಕ್ತು, ನಾಲ್ಕು ವರ್ಷ ಆಯ್ತು. ಈ ವಯಸ್ಸಲ್ಲಿ ಆಟ್ಲಿ ಯಾವಾಗ ಲಂಗ ಉಡೋಕೆ ಶುರು ಮಾಡಿದ ಅಂತ ನಂಗೆ ಯೋಚನೆ ಆಗ್ಬಿಡ್ತು."

"ರೀ! ಸಾವಿನ ಮನೇಲಿ!" ಎಂದು ಫ್ಯಾನಿ ಗದರಿದಳು, ಆದರೆ ಅವಳಿಗೇ ನಗು ತಡೆಯಲಾಗದೆ ಕಾಫಿ ತಟ್ಟೆಗೆ ಚೆಲ್ಲಿತು.

"ನಂಗೂ ಒಂದು ಸಿಕ್ಕಿತ್ತು," ಎಂದ ಎದುರಿನವನು.

"ಕೈಗೆ ಸೂಪಿನ ಚಮಚ ನಿಲ್ತಿರ್ಲಿಲ್ಲ ಅವನಿಗೆ. ಉಂಗುರ ಕೂರಿಸ್ತಾನಾ? ನಮಗೇನು ಕಣ್ಣಿಲ್ವಾ?" ಎಂದ ರೂಬೆನ್.

ಲೊವೀನಾ ತಲೆ ಎತ್ತಿದಳು. "ಹಾಗಾದ್ರೆ ಎಲ್ಲಾ ಗೊತ್ತಿದ್ದೂ ಸುಮ್ನಿದ್ರಾ? ಅಪ್ಪ ನಿಮಗೆಲ್ಲ ಸುಳ್ಳು..."

"ಎಲ್ಲಿಯ ಸುಳ್ಳಮ್ಮ? ಹೋದ ಚಳಿಗಾಲ ನಾನು ಹೊರಡ್ತಿದ್ದೆ. ನೀನು ಒಳಗೆ ಹೋಗಿದ್ದೆ. ನಿಮ್ಮಪ್ಪ ನನ್ನ ತೋಳು ಹಿಡ್ಕೊಂಡ. 'ರೂಬೆನ್, ಇದು ನನ್ನ ಕೆಲಸ ಅಲ್ಲ, ಅವಳದು. ನಾನು ಹೋದ್ಮೇಲೂ ಬರ್ತೀಯ ತಾನೆ?' ಅಂದ. ಬರ್ತೀನಿ ಅಂದೆ. ಇವರನ್ನೂ ಒಬ್ಬೊಬ್ಬರನ್ನಾಗಿ ಕೇಳಿದ್ನಂತೆ."

ಸುತ್ತಲಿನ ಗಡ್ಡಗಳು ಮೆಲ್ಲನೆ ಅಲ್ಲಾಡಿದವು.

ಲೊವೀನಾ ಮುಖ ಮುಚ್ಚಿಕೊಂಡು ಅತ್ತಳು. ಮೂರು ದಿನದಿಂದ ಬಾರದ ಅಳು. ಅಪ್ಪ ಸುಳ್ಳುಗಾರನಾಗಿ ಮಣ್ಣಿಗೆ ಹೋಗಿರಲಿಲ್ಲ. ಅವಳು ಪೈ ತಟ್ಟೆಯನ್ನು ಹತ್ತಿರ ಎಳೆದುಕೊಂಡು ಪೂರ್ತಿ ತಿಂದಳು.

ಮ್ಯಾಲನ್ ಮಾತ್ರ ಸೂಜಿಯನ್ನೇ ನೋಡುತ್ತಿದ್ದ.

ಹೊರಡುವಾಗ ಗಂಡಸರು ಸಂಕೋಚದಿಂದ ಗಾಡಿಯ ಸೀಟಿನಡಿಗೆ ಕೈಹಾಕಿದರು. ಹೇಗೂ ಈ ಕಡೆ ಬರುತ್ತಿದ್ದೆವಲ್ಲ ಎಂದು ಗೊಣಗುತ್ತ ಜಗಲಿಯ ಮೇಲೆ ಒಂದೊಂದೇ ಗನ್ ಇಟ್ಟರು. ಕೊನೆಗೆ ರೂಬೆನ್ ತನ್ನದನ್ನೂ ಇಟ್ಟ.

"ಇವತ್ತು ಮುಟ್ಟಬೇಡಮ್ಮ. ಅವಸರ ಇಲ್ಲ," ಎಂದ. ಎರಡು ಹೆಜ್ಜೆ ಹೋಗಿ ತಿರುಗಿದ. "ಸೋಮವಾರ ಸಿಕ್ಕಿದ್ರೆ ಒಳ್ಳೇದು."

ಅಂಗಳ ಖಾಲಿಯಾಯಿತು. ಮ್ಯಾಲನ್ ತೋಳಿನ ತುಂಬ ಗನ್ನುಗಳನ್ನು ಎತ್ತಿಕೊಂಡ.

"ಇಬ್ಬನಿ ಬಿದ್ರೆ ತುಕ್ಕು ಹಿಡಿಯುತ್ತೇನೋ. ಎಲ್ಲಿಡ್ಲಿ?"

ಶೆಡ್ಡಿನೊಳಗೆ ಅವನು ಇದೇ ಮೊದಲು ಕಾಲಿಟ್ಟದ್ದು. ರೇಬರ್ ಮನೆಯ ಗಂಡಸರು ಬಾಗಿಲಿಗೆ ತಲೆ ತಾಗುವಷ್ಟು ಎತ್ತರ, ಲೊವೀನಾ ಅಮ್ಮನಂತೆ ಗಿಡ್ಡ. ಕೆಲಸದ ಮೇಜಿನ ಮೇಲೆ ಗನ್ನುಗಳನ್ನು ಇಳಿಸಲು ಮ್ಯಾಲನ್ ಸೊಂಟ ಮುರಿದಂತೆ ಬಗ್ಗಬೇಕಾಯಿತು.

"ಏನೇ ಇದು, ಇಷ್ಟು ಕೆಳಗೆ?"

"ಅಪ್ಪ ನನ್ನ ಎತ್ತರಕ್ಕೆ ಮೇಜಿನ ಕಾಲು ಕುಯ್ದ್ರು. ನಾನು ಕುಯ್ತೀನಿ ಅಂದ್ರೂ ಗರಗಸ ಕೊಡ್ಲಿಲ್ಲ."

ಮ್ಯಾಲನ್ ಮಂಡಿಯೂರಿ ಕೆಳಗೆ ನೋಡಿದ. ನಾಲ್ಕೂ ಕಾಲುಗಳ ತುದಿಯಲ್ಲಿ ಗರಗಸ ಅಂಕುಡೊಂಕಾಗಿ, ಎಲ್ಲೆಲ್ಲೋ ಜಾರಿ, ಮತ್ತೆ ಮತ್ತೆ ಹಿಡಿದು ಕುಯ್ದ ಗುರುತು ಇತ್ತು. ಮೇಜು ಅಲುಗಾಡದಿರಲೆಂದು ಒಂದೊಂದು ಕಾಲಿನಡಿಗೂ ತೆಳುವಾದ ಮರದ ಚಕ್ಕೆಗಳನ್ನು ಒಂದರ ಮೇಲೊಂದು ಒತ್ತಿ ಕೂರಿಸಲಾಗಿತ್ತು.