ಇಪ್ಪತ್ತು ನಿಮಿಷಕ್ಕೊಂದು ಲೋಟ

ನಮ್ಮ ಇಸ್ತ್ರಿ ವಿಭಾಗದಲ್ಲಿ ಬೇಸಿಗೆ ಬಂತಾ ಅಂತ ಹೊರಗೆ ಹೋಗಿ ನೋಡಬೇಕಿಲ್ಲ. ಬೆಳಗ್ಗೆ ಹತ್ತಕ್ಕೆಲ್ಲ ಬಾಗಿಲ ಚಿಲಕ ಮುಟ್ಟಿದರೆ ಚುರ್ ಅನ್ನುತ್ತೆ. ಮೇಲೆ ತಗಡು. ಗೋಡೆಗುಂಟ ಬಾಯ್ಲರಿನಿಂದ ಬರೋ ಹಬೆಯ ಕೊಳವೆ. ಅದರ ಪಕ್ಕಕ್ಕೇ ಎರಡು ಸಾಲು ಮೇಜು, ನಲವತ್ತೆರಡು ಹೆಂಗಸರು, ನಲವತ್ತೆರಡು ಇಸ್ತ್ರಿ ಪೆಟ್ಟಿಗೆ. ಒಬ್ಬೊಬ್ಬರು ಗಂಟೆಗೆ ನಲವತ್ತು ಶರ್ಟು ಮುಗಿಸಬೇಕು. ಕಿಟಕಿ ತೆಗೆಯೋ ಹಾಗಿಲ್ಲ, ಧೂಳು ಬಂದು ಶರ್ಟಿನ ಮೇಲೆ ಕೂರುತ್ತಂತೆ. ನಮ್ಮ ಮೇಲೆ ಏನು ಕೂತರೂ ಯಾರೂ ಕೇಳಲ್ಲ.

ಈ ಸಲ ಬೇಸಿಗೆಗೆ ಮೊದಲೇ ಕಂಪನಿಗೆ ನಮ್ಮ ಮೇಲೆ ಇದ್ದಕ್ಕಿದ್ದಂತೆ ಅಕ್ಕರೆ ಉಕ್ಕಿತು. ಸೆಕೆಯಿಂದ ಕೆಲಸಗಾರರನ್ನ ಕಾಪಾಡಬೇಕು ಅಂತ ಮೇಲಿನಿಂದ ಆದೇಶ ಬಂದಿತ್ತಂತೆ. ಕಾಪಾಡೋಕೆ ಅಂತಲೇ ಒಬ್ಬ ಅಧಿಕಾರಿಯನ್ನ ನೇಮಿಸಿದರು. ಅವನ ಕೋಣೆಗೆ ಏಸಿ ಹಾಕಿಸಿದರು. ಸೆಕೆಯ ಬಗ್ಗೆ ಯೋಚನೆ ಮಾಡೋನ ತಲೆ ತಣ್ಣಗಿರಬೇಕಲ್ಲ. ನಾವು ಅವನಿಗೆ ತಂಪಿನ ಸಾಹೇಬ ಅಂತ ಹೆಸರಿಟ್ಟೆವು.

ತಂಪಿನ ಸಾಹೇಬ ಮಾಡಿದ ಮೊದಲ ಕೆಲಸ ಭಾಷಣ. ಮಧ್ಯಾಹ್ನ ಊಟ ಆದ ಕೂಡಲೇ ನಮ್ಮನ್ನೆಲ್ಲ ಅಂಗಳದಲ್ಲಿ ನಿಲ್ಲಿಸಿದರು. ಅವನು ವರಾಂಡದ ನೆರಳಲ್ಲಿ ಮೈಕು ಹಿಡಿದು ನಿಂತ. "ಹನ್ನೆರಡರಿಂದ ಮೂರರ ತನಕ ಯಾರೂ ಬಿಸಿಲಲ್ಲಿ ನಿಲ್ಲಬಾರದು," ಅಂತ ಶುರು ಮಾಡಿದವನು ಒಂದೂಕಾಲಿಂದ ಎರಡರ ತನಕ ನಮ್ಮನ್ನ ಬಿಸಿಲಲ್ಲೇ ನಿಲ್ಲಿಸಿ ಅದನ್ನೇ ಹೇಳಿದ.

ನನ್ನ ಪಕ್ಕ ಗುಂಡಿ ಅಕ್ಕ ನಿಂತಿದ್ದಳು. ಮುಂಚೆ ಗುಂಡಿ ಹಚ್ಚೋ ವಿಭಾಗದಲ್ಲಿ ಇದ್ದವಳು, ಕಣ್ಣು ಮಂಜಾದ ಮೇಲೆ ಇಲ್ಲಿಗೆ ಹಾಕಿದ್ದರು. ಅವಳ ಕಣ್ಣಿಗೆ ಮಂಜು ಬಂದಿದ್ದು ನಿಜ, ನಾಲಿಗೆಗೆ ಬಂದಿರಲಿಲ್ಲ.

"ಇವನು ಇನ್ನು ಹತ್ತು ನಿಮಿಷ ಮಾತಾಡಿದ ಅಂದ್ರೆ, ಇವನಿಂದ ಕಾಪಾಡೋಕೆ ಇನ್ನೊಬ್ಬ ಅಧಿಕಾರಿ ಬೇಕಾಗುತ್ತೆ," ಅಂದಳು.

ಮಾರನೇ ದಿನ ನಮ್ಮ ವಿಭಾಗಕ್ಕೆ ಎರಡು ಸಾಮಾನು ಬಂದವು. ಒಂದು ನಲ್ಲಿ ಇರೋ ನೀಲಿ ಡ್ರಮ್ಮು, ಸರಪಳಿ ಕಟ್ಟಿದ ಎರಡು ಲೋಟ. ಇನ್ನೊಂದು ಬಾಗಿಲಷ್ಟು ಎತ್ತರದ ಬಣ್ಣದ ಹಾಳೆ. ಅದರಲ್ಲಿ ನಗುನಗುತ್ತಾ ನೀರು ಕುಡಿಯೋ ಒಬ್ಬ ಗಂಡಸಿನ ಚಿತ್ರ. ಕೆಳಗೆ ದಪ್ಪ ಅಕ್ಷರದಲ್ಲಿ, "ಇಪ್ಪತ್ತು ನಿಮಿಷಕ್ಕೊಂದು ಲೋಟ ನೀರು ತಪ್ಪದೆ ಕುಡಿಯಿರಿ." ಅದರ ಕೆಳಗೆ ಮ್ಯಾನೇಜರ ಸಹಿ.

ಒಳ್ಳೇದೇ. ಆದರೆ ಕುಡಿದ ನೀರು ಎಲ್ಲಿಗೆ ಹೋಗಬೇಕು?

ನಮ್ಮ ಸೂಪರ್‌ವೈಸರ್ ಯಾರನ್ನೂ ಹೆಸರು ಹಿಡಿದು ಕರೆಯಲ್ಲ, ಸೀಟಿ ಊದ್ತಾನೆ. ಅವನ ಹೆಸರೇ ಸೀಟಿ ಆಗಿಬಿಟ್ಟಿದೆ. ಅವನ ಮೇಜಿನ ಮೊಳೆಗೆ ಒಂದು ಕೆಂಪು ಬಿಲ್ಲೆ ನೇತು ಹಾಕಿರ್ತಾರೆ. ಶೌಚಕ್ಕೆ ಹೋಗಬೇಕು ಅಂದರೆ ಆ ಬಿಲ್ಲೆ ತಗೊಂಡೇ ಹೋಗಬೇಕು. ಬಿಲ್ಲೆ ಒಂದು, ನಾವು ನಲವತ್ತೆರಡು. ಒಬ್ಬೊಬ್ಬರಿಗೆ ಬೆಳಗ್ಗೆ ಒಂದು ಸಲ, ಮಧ್ಯಾಹ್ನದ ಮೇಲೆ ಒಂದು ಸಲ. ಐದು ನಿಮಿಷ ದಾಟಿದರೆ ಸೀಟಿ ಶೌಚದ ಬಾಗಿಲ ಹೊರಗೆ ಬಂದು ಊದ್ತಾನೆ. ಮೂರನೇ ಸಲ ಕೇಳಿದರೆ ಎಲ್ಲರಿಗೂ ಕೇಳೋ ಹಾಗೆ, "ಏನಮ್ಮಾ, ಮನೇಲಿ ಮುಗಿಸ್ಕೊಂಡು ಬರೋಕಾಗಲ್ವಾ?" ಅಂತಾನೆ. ಒಂದು ಸಲ ಆ ಮಾತು ಕೇಳಿಸಿಕೊಂಡ ಹೆಂಗಸು ಆಮೇಲೆ ನೀರಿನ ಕಡೆ ತಲೆ ಹಾಕಲ್ಲ.

ನಮ್ಮ ಅತ್ತಿಗೆಯ ಕತೆಯೂ ಅಷ್ಟೇ. ಅತ್ತಿಗೆ ಅಂದರೆ ನನ್ನ ಅಣ್ಣನ ಹೆಂಡತಿ. ನನಗಿಂತ ಎರಡೇ ವರ್ಷ ದೊಡ್ಡವಳು, ನೀನು ಅಂತಲೇ ಕರೀತೀನಿ. ಇಬ್ಬರೂ ಒಟ್ಟಿಗೆ ಕೆಲಸಕ್ಕೆ ಹೋಗಿ ಒಟ್ಟಿಗೆ ಬರ್ತೀವಿ. ಭಾಳ ಸಂಕೋಚದವಳು. ಅಂಗಡಿಯವನು ತೂಕ ಕಮ್ಮಿ ಹಾಕಿದರೂ ತುಟಿ ಬಿಚ್ಚಲ್ಲ, ಮನೆಗೆ ಬಂದು ನನಗೆ ಹೇಳ್ತಾಳೆ. ಬೆಳಗ್ಗೆ ತುಂಬಿಕೊಂಡ ನೀರಿನ ಬಾಟಲಿ ಸಂಜೆ ಹಾಗೇ ವಾಪಸ್ಸು ತರ್ತಿದ್ದಳು.

"ಒಂದು ಗುಟುಕಾದ್ರೂ ಕುಡಿಯೇ, ಸಾಯ್ತೀಯ," ಅಂದರೆ, "ತುಟಿ ಒದ್ದೆ ಮಾಡ್ಕೊಂಡೆ, ಸಾಕು," ಅನ್ನೋಳು.

ಹೊಟ್ಟೆಯ ಕೆಳಗೆ ಉರಿ ಅಂತ ಎರಡು ವಾರದಿಂದ ಹೇಳ್ತಿದ್ದಳು. ಆವತ್ತು ಬೆಳಗ್ಗೆ ಮೈ ಕೂಡ ಬೆಚ್ಚಗಿತ್ತು. ರಜೆ ಹಾಕು ಅಂದೆ, ಕೇಳಲಿಲ್ಲ. ಹನ್ನೊಂದೂವರೆಗೆ ನನ್ನ ಎದುರಿನ ಮೇಜಲ್ಲಿ ಒಂದು ಬಿಳಿ ಶರ್ಟಿನ ಕಾಲರು ತೀಡ್ತಾ ಇದ್ದಳು. ನೋಡ್ತಾ ನೋಡ್ತಾ ಅವಳ ಮುಖ ಬೂದಿ ಬಣ್ಣಕ್ಕೆ ತಿರುಗಿತು. "ನೋಡೇ, ಕಣ್ಣು..." ಅಂದಳು. ಅಷ್ಟೇ. ಇಸ್ತ್ರಿ ಶರ್ಟಿನ ಮೇಲೆ ಕೂತಿತು, ಅವಳು ನೆಲಕ್ಕೆ ಕುಸಿದಳು.

ಸೀಟಿ ಓಡಿ ಬಂದ. ಬಂದವನು ಮೊದಲು ಎತ್ತಿದ್ದು ಶರ್ಟನ್ನ.

"ಅಯ್ಯೋ, ಹೋಯ್ತಲ್ಲಪ್ಪ!" ಅಂದ.

"ಅವಳಿನ್ನೂ ಹೋಗಿಲ್ಲ ಸಾರ್, ಉಸಿರಾಡ್ತಿದ್ದಾಳೆ. ಕಾಲು ಹಿಡೀರಿ," ಅಂದಳು ಗುಂಡಿ ಅಕ್ಕ.

ಕಂಪನಿಯ ನರ್ಸಮ್ಮ ಅತ್ತಿಗೆಯನ್ನ ಮಲಗಿಸಿ, ಹಣೆಗೆ ಒದ್ದೆ ಬಟ್ಟೆ ಹಾಕಿದಳು. ಅತ್ತಿಗೆ ಕಣ್ಣು ಬಿಟ್ಟ ಮೇಲೆ ನರ್ಸಮ್ಮ ನನ್ನನ್ನ ಹತ್ತಿರ ಕರೆದು ಮೆತ್ತಗೆ ಹೇಳಿದಳು. "ಮೂತ್ರ ತಡೆದೂ ತಡೆದೂ ಸೋಂಕಾಗಿದೆ. ಈ ತಿಂಗಳಲ್ಲಿ ಇವಳು ಏಳನೆಯವಳು. ನಾನು ಹೇಳ್ದೆ ಅಂತ ಎಲ್ಲೂ ಹೇಳಬೇಡ." ಆಸ್ಪತ್ರೆಯಲ್ಲಿ ಡಾಕ್ಟರೂ ಅದನ್ನೇ ಹೇಳಿದರು. ಮಾತ್ರೆ ಬರೆದುಕೊಟ್ಟು, "ಚೆನ್ನಾಗಿ ನೀರು ಕುಡೀಬೇಕಮ್ಮ," ಅಂದರು. ನೀರು ಕುಡಿ ಅನ್ನೋರಿಗೇನು, ಊರ ತುಂಬ ಇದ್ದರು.

ನಾಲ್ಕು ದಿನ ಬಿಟ್ಟು ಅತ್ತಿಗೆ ಕೆಲಸಕ್ಕೆ ಬಂದಾಗ ಸೀಟಿ ಒಳಗೆ ಬಿಡಲಿಲ್ಲ. ತಂಪಿನ ಸಾಹೇಬರನ್ನ ನೋಡಿ ಬಾ ಅಂದ. ಅವಳಿಗೆ ಓದು ಅಷ್ಟಕ್ಕಷ್ಟೆ, ಜೊತೆಗೆ ನಾನೂ ಹೋದೆ.

ಆ ಕೋಣೆಗೆ ಕಾಲಿಟ್ಟರೆ ಮೈ ಜುಮ್ ಅಂತು. ತಂಪಿನ ಸಾಹೇಬ ತೋಳು ತುಂಬ ಸ್ವೆಟರ್ ಹಾಕಿಕೊಂಡು ಕೂತಿದ್ದ. ಒಂದು ಹಾಳೆ ಮುಂದೆ ತಳ್ಳಿದ.

"ಇದಕ್ಕೊಂದು ಸಹಿ ಹಾಕಮ್ಮ. ಬರೀ ಕಾಗದಕ್ಕೋಸ್ಕರ."

ನಾನು ಜೋರಾಗಿ ಓದಿದೆ. "ಕಂಪನಿಯು ನನಗೆ ಕುಡಿಯುವ ನೀರು ಹಾಗೂ ತಿಳುವಳಿಕೆ ಎರಡನ್ನೂ ಒದಗಿಸಿತ್ತು. ನಾನು ನನ್ನ ನಿರ್ಲಕ್ಷ್ಯದಿಂದ ನೀರು ಕುಡಿಯದೆ ಅಸ್ವಸ್ಥಳಾದೆನು. ಇನ್ನು ಮುಂದೆ ಇಪ್ಪತ್ತು ನಿಮಿಷಕ್ಕೊಂದು ಲೋಟ ನೀರನ್ನು ತಪ್ಪದೆ ಕುಡಿಯುತ್ತೇನೆ. ತಪ್ಪಿದಲ್ಲಿ ಶಿಸ್ತು ಕ್ರಮಕ್ಕೆ ಬದ್ಧಳಾಗಿರುತ್ತೇನೆ."

"ನಿರ್ಲಕ್ಷ್ಯ ಅಂದ್ರೆ?" ಅತ್ತಿಗೆ ನನ್ನ ಕೇಳಿದಳು.

"ನಿಂದೇ ತಪ್ಪು ಅಂತ."

"ಸಾರ್, ಬಿಲ್ಲೆ ವಿಷಯ ಇದರಲ್ಲಿ ಎಲ್ಲಿದೆ?" ಅಂತ ನಾನು ಕೇಳಿದೆ.

"ಬಿಲ್ಲೆ ನನ್ನ ವ್ಯಾಪ್ತಿಗೆ ಬರಲ್ಲಮ್ಮ. ಅದು ಆಡಳಿತ. ನಂದು ಬರೀ ಸೆಕೆ."

"ಸಹಿ ಹಾಕದಿದ್ರೆ?"

"ಆರೋಗ್ಯ ಸರಿಯಿಲ್ಲದವರನ್ನ ಒಳಗೆ ಬಿಡೋಕೆ ನನ್ನ ಮನಸ್ಸು ಒಪ್ಪಲ್ಲ. ಮನೇಲೇ ಇರಲಿ, ಪಾಪ."

ಅತ್ತಿಗೆ ಕೊನೇ ಎರಡು ಸಾಲು ಇನ್ನೊಂದು ಸಲ ಓದಿಸಿದಳು. ಆಮೇಲೆ ಸಹಿ ಹಾಕಿದಳು. ಹಾಕಿ, "ಇದರದ್ದೊಂದು ನಕಲು ಕೊಡಿ ಸಾರ್," ಅಂದಳು. ಅವನಿಗೆ ಖುಷಿಯಾಯಿತು. ಇಷ್ಟು ವಿಧೇಯ ಹೆಂಗಸು ಸಿಗಬೇಕಲ್ಲ, ಕೊಟ್ಟ.

ಹೊರಗೆ ಬಂದ ಮೇಲೆ ನನಗೆ ಸಿಟ್ಟು ತಡೆಯೋಕಾಗಲಿಲ್ಲ. "ಮೈ ಕೆಡಿಸಿದ್ದು ಅವರು, ತಪ್ಪೊಪ್ಪಿಕೊಂಡಿದ್ದು ನೀನು! ಬಾಯಿ ಎಲ್ಲಿಟ್ಟಿದ್ದೆ?"

"ಮನೇಲಿ ಕೂತರೆ ಒಲೆ ಉರಿಯುತ್ತೇನೇ?" ಅಂದಳು. ನಾಲ್ಕು ಹೆಜ್ಜೆ ನಡೆದು ಮತ್ತೆ ನಿಂತಳು. "ಕೊನೇ ಸಾಲು ಕೇಳಿಸ್ತಲ್ಲ? ಕುಡೀದಿದ್ರೆ ಶಿಸ್ತು ಕ್ರಮ ಅಂತೆ."

"ಹೂಂ?"

"ಅಂದ್ಮೇಲೆ ಕುಡೀಲೇಬೇಕಲ್ಲ."

ಆವತ್ತೇ ಒಂಬತ್ತಕ್ಕೆ ಇಸ್ತ್ರಿ ಹಿಡಿದಳು. ಒಂಬತ್ತು ಇಪ್ಪತ್ತಕ್ಕೆ ಕೆಳಗಿಟ್ಟು, ಡ್ರಮ್ಮಿನ ಹತ್ತಿರ ಹೋಗಿ, ಲೋಟ ತುಂಬ ನೀರು ಕುಡಿದು ಬಂದಳು. ಒಂಬತ್ತು ನಲವತ್ತಕ್ಕೆ ಇನ್ನೊಂದು. ಹತ್ತಕ್ಕೆ ಮತ್ತೊಂದು. ಹತ್ತೂ ಐದಕ್ಕೆ ಸೀಟಿಯ ಮೇಜಿನ ಮುಂದೆ ನಿಂತು ಬಿಲ್ಲೆ ತಗೊಂಡು ಹೋಗಿ ಬಂದಳು. ಹತ್ತೂವರೆಗೆ ಮತ್ತೆ ನಿಂತಳು.

"ಬಿಲ್ಲೆ, ಸಾರ್."

"ಈಗ ತಾನೇ ಹೋಗಿ ಬಂದ್ಯಲ್ಲಮ್ಮ!"

ಅತ್ತಿಗೆ ಸೊಂಟದಿಂದ ನಕಲು ತೆಗೆದು ಮೇಜಿನ ಮೇಲಿಟ್ಟಳು.

"ಕುಡೀದಿದ್ರೆ ಶಿಸ್ತು ಕ್ರಮ ಸಾರ್. ಸಹಿ ಹಾಕಿದ್ದೀನಿ."

"ಕುಡಿ, ಬೇಡ ಅಂದೋರ್ಯಾರು? ಬಿಲ್ಲೆ ಮಧ್ಯಾಹ್ನದ ಮೇಲೆ."

"ಹಾಗಾದ್ರೆ ಅಲ್ಲೀವರೆಗೂ ಇಲ್ಲೇ ನಿಂತಿರ್ತೀನಿ. ತಡೆದುಕೊಂಡು ಇಸ್ತ್ರಿ ಹಿಡಿದ್ರೆ ಮತ್ತೆ ಬೀಳ್ತೀನಿ. ನಿಮ್ಮ ಶರ್ಟು ಸುಡುತ್ತೆ."

ಸೀಟಿ ಊದಿದ. ಅವಳು ಕದಲಲಿಲ್ಲ. ಇಡೀ ವಿಭಾಗದಲ್ಲಿ ಒಂದೊಂದೇ ಇಸ್ತ್ರಿ ನಿಂತು ತಲೆಗಳು ಆ ಕಡೆ ತಿರುಗಿದವು. ಗುಂಡಿ ಅಕ್ಕ ಸೆರಗಿನಲ್ಲಿ ಮುಖ ಒರೆಸಿಕೊಂಡು, ಸೀದಾ ಡ್ರಮ್ಮಿಗೆ ಹೋಗಿ, ಗಟಗಟ ಎರಡು ಲೋಟ ಇಳಿಸಿದಳು.

"ನಿನಗೇನಾಯ್ತೇ? ನೀನೂ ಸಹಿ ಹಾಕಿದ್ದೀಯಾ?" ಅಂತ ಸೀಟಿ ಕೂಗಿದ.

"ಇಲ್ಲ ಸಾರ್. ಗೋಡೆ ಮೇಲೆ ಮ್ಯಾನೇಜರು ಸಹಿ ಹಾಕಿದ್ದಾರಲ್ಲ, ಅವರಿಗಿಂತ ನಾನು ದೊಡ್ಡವಳಾ?" ಅಂದು ಅತ್ತಿಗೆಯ ಹಿಂದೆ ನಿಂತಳು.

ಅವಳ ಹಿಂದೆ ನಾನು. ನನ್ನ ಹಿಂದೆ ಕೊನೇ ಸಾಲಿನ ಅಕ್ಕ ತಂಗಿ ಇಬ್ಬರು. ಹನ್ನೊಂದರ ಹೊತ್ತಿಗೆ ಡ್ರಮ್ಮು ಖಾಲಿ, ಮೇಜುಗಳು ಖಾಲಿ. ಸೀಟಿಯ ಮೇಜಿಂದ ಬಾಗಿಲ ತನಕ ನಲವತ್ತೆರಡು ಹೆಂಗಸರು ಒಂದೇ ಸಾಲಾಗಿ ನಿಂತಿದ್ದೆವು. ಸೀಟಿಗೆ ಬಿಲ್ಲೆ ಕೊಡದೆ ಬೇರೆ ದಾರಿ ಉಳಿಯಲಿಲ್ಲ. ಅದನ್ನ ತಗೊಂಡು ಒಬ್ಬಳು ಹೋಗೋದು, ಐದು ನಿಮಿಷಕ್ಕೆ ವಾಪಸ್ಸು ಬಂದು ಸಾಲಿನ ಕೊನೆಗೆ ನಿಲ್ಲೋದು. ಯಾರೂ ಕೂಗಲಿಲ್ಲ. ಹೊರಗೆ ಲಾರಿ ನಿಂತಿತ್ತು. ಮಧ್ಯಾಹ್ನ ಎರಡಕ್ಕೆ ಮಾಲು ಹೊರಡಬೇಕಿತ್ತು. ಡ್ರೈವರು ಒಂದು ಸಲ ಇಣುಕಿ ನೋಡಿ, ಲಾರಿಯ ನೆರಳಲ್ಲಿ ಮಲಗಿಬಿಟ್ಟ.

ಹನ್ನೊಂದೂವರೆಗೆ ಮ್ಯಾನೇಜರು ಬಂದರು. ಈ ಬೇಸಿಗೆಯಲ್ಲಿ ಅವರು ನಮ್ಮ ವಿಭಾಗಕ್ಕೆ ಕಾಲಿಟ್ಟಿದ್ದು ಅದೇ ಮೊದಲು. ಹಿಂದೆ ತಂಪಿನ ಸಾಹೇಬ, ಸ್ವೆಟರ್ ಸಮೇತ.

"ಏನಿದು, ಮುಷ್ಕರವಾ?"

"ಇಲ್ಲ ಸಾರ್, ನೀರು," ಅಂದಳು ಗುಂಡಿ ಅಕ್ಕ.

"ಯಾರು ಹೇಳಿಕೊಟ್ಟಿದ್ದು ನಿಮಗೆ ಇದನ್ನ?"

ನಲವತ್ತೆರಡು ಜನವೂ ಗೋಡೆಯ ಮೇಲಿನ ಹಾಳೆ ನೋಡಿದೆವು. ಮ್ಯಾನೇಜರೂ ನೋಡಿದರು. ಆಮೇಲೆ ತಂಪಿನ ಸಾಹೇಬನ್ನ ನೋಡಿದರು. ಅವನು ಸ್ವೆಟರಿನ ಗುಂಡಿ ಬಿಚ್ತಾ ಇದ್ದ.

ಮ್ಯಾನೇಜರು ಬುದ್ಧಿ ಹೇಳೋಕೆ ಶುರು ಮಾಡಿದರು. ಕಂಪನಿ ನಮ್ಮ ತಾಯಿ ಅಂದರು. ತಗಡು ತನ್ನ ಕೆಲಸ ತಾನು ಮಾಡ್ತಿತ್ತು. ಹತ್ತು ನಿಮಿಷದಲ್ಲಿ ಅವರ ಅಂಗಿ ಬೆನ್ನಿಗೆ ಅಂಟಿತು. ಕಾಲು ಗಂಟೆಗೆ ಮಾತು ತಡವರಿಸಿತು, ಮೇಜಿಗೆ ಕೈ ಊರಿದರು, ಅದು ಬಿಸಿ ಇತ್ತು, ತೆಗೆದುಬಿಟ್ಟರು. "ಕಿಟಕಿ ಯಾಕೆ ಹಾಕಿದ್ದೀರಯ್ಯ?" ಅಂತ ಸೀಟಿಯ ಮೇಲೆ ಹರಿಹಾಯ್ದರು.

"ನೀವೇ ಹೇಳಿದ್ದು ಸಾರ್, ಧೂಳು ಬರುತ್ತೆ ಅಂತ," ಅಂದ ಸೀಟಿ.

"ಸರಿ, ಏನು ಬೇಕು ನಿಮಗೆ?" ಮ್ಯಾನೇಜರು ಕರ್ಚೀಫಿನಲ್ಲಿ ಕತ್ತು ಒರೆಸಿಕೊಳ್ತಾ ಕೇಳಿದರು.

ನಾವೆಲ್ಲ ಗುಂಡಿ ಅಕ್ಕನ ಮುಖ ನೋಡಿದೆವು. ಆದರೆ ಮಾತಾಡಿದ್ದು ಅತ್ತಿಗೆ.

"ಬಿಲ್ಲೆ ತೆಗೀರಿ. ಕಿಟಕಿ ತೆಗೀರಿ. ಎರಡು ಗಂಟೆಗೊಂದು ಸಲ ಕಾಲು ಗಂಟೆ ಹಬೆ ನಿಲ್ಲಿಸಿ, ನೆರಳಲ್ಲಿ ಕೂತು ಬರ್ತೀವಿ. ಮತ್ತೆ ನನ್ನ ಸಹಿ ಇರೋ ಆ ಕಾಗದ ಹರೀರಿ. ತಪ್ಪು ನಂದಲ್ಲ."

"ಆಯ್ತಮ್ಮ, ಮಾಡೋಣ. ಈಗ ಕೆಲಸ ಶುರು ಮಾಡಿ."

"ಬರೆದುಕೊಡಿ ಸಾರ್."

"ನನ್ನ ಮಾತಿನ ಮೇಲೆ ನಂಬಿಕೆ ಇಲ್ವಾ?"

"ನಮ್ಮ ತಪ್ಪಾದ್ರೆ ಕಾಗದದಲ್ಲಿ, ನಿಮ್ಮ ಮಾತಾದ್ರೆ ಬಾಯಲ್ಲೇನಾ ಸಾರ್?"

ಹೊರಗಿಂದ ಲಾರಿಯವನು ಹಾರನ್ ಹೊಡೆದ. ಮ್ಯಾನೇಜರು ಪೆನ್ನು ತೆಗೆದರು.

ಮೂರು ಬರೆದುಕೊಟ್ಟರು. ನಾಲ್ಕನೆಯದನ್ನ ಕೊಡಲಿಲ್ಲ. ಅತ್ತಿಗೆಯ ಕಾಗದ ಮೇಲಿನ ಕಚೇರಿಗೆ ಹೋಗಿಬಿಟ್ಟಿದೆಯಂತೆ, ವಾಪಸ್ಸು ತರಿಸೋಕಾಗಲ್ಲವಂತೆ. ಅದರಲ್ಲಿ ಅವಳ ಕಾಯಿಲೆಗೆ ಇವತ್ತಿಗೂ ಅವಳೇ ಕಾರಣ. ನರ್ಸಮ್ಮನನ್ನ ಮುಂದಿನ ವಾರ ಕೆಲಸದಿಂದ ತೆಗೆದರು. ಏಳು ಜನರ ಹೆಸರನ್ನ ಅವಳು ಒಂದು ಪುಸ್ತಕದಲ್ಲಿ ಬರೆದಿಟ್ಟಿದ್ದಳಂತೆ, ಅದೇ ಅವಳ ತಪ್ಪು. ತಂಪಿನ ಸಾಹೇಬನಿಗೆ ಮಾತ್ರ ಬಡ್ತಿ ಸಿಕ್ಕಿತು. ಮೇಲಿನವರಿಗೆ ಕಳಿಸಿದ ವರದಿಯಲ್ಲಿ "ಕಾರ್ಮಿಕರು ಸ್ವಯಂಪ್ರೇರಣೆಯಿಂದ ನೀರು ಕುಡಿಯುತ್ತಿದ್ದಾರೆ" ಅಂತ ಬರೆದಿದ್ದನಂತೆ. ಸುಳ್ಳೇನಲ್ಲ.

ಆಮೇಲೆ ನೋಟೀಸು ಹಚ್ಚಿದರು. ಈ ಸವಲತ್ತು ಇಸ್ತ್ರಿ ವಿಭಾಗಕ್ಕೆ ಮಾತ್ರ. ಗೋಡೆಯಾಚೆ ಪ್ಯಾಕಿಂಗ್ ವಿಭಾಗ. ಅಲ್ಲೂ ಅದೇ ತಗಡು, ನಮಗಿಂತ ಹೆಚ್ಚು ಜನ. ಅವರ ಬಿಲ್ಲೆ ಮೊಳೆಯಲ್ಲೇ ಉಳಿಯಿತು. "ನೀವು ಸುಮ್ಮನಿದ್ರೆ ನಿಮಗೆ ಒಳ್ಳೇದು," ಅಂತ ಸೀಟಿ ನಮಗೆ ಬಲು ಮರ್ಯಾದೆಯಿಂದ ಹೇಳಿದ. ಮನೆಯಲ್ಲಿ ಅಣ್ಣನೂ ಅದನ್ನೇ ಹೇಳಿದ. "ನಿನ್ನ ಕೆಲಸ ಆಯ್ತಲ್ಲ, ಊರ ಉಸಾಬರಿ ಯಾಕೆ?"

ಮಾರನೇ ದಿನ ಊಟದ ಹೊತ್ತಿಗೆ ಅತ್ತಿಗೆ ಡಬ್ಬಿ ಎತ್ತಿಕೊಂಡು ಎದ್ದಳು. "ಎಲ್ಲಿಗೇ?" ಅಂದೆ. "ಬಾ," ಅಂದಳು.

ಪ್ಯಾಕಿಂಗ್‌ನವರು ರಟ್ಟಿನ ಪೆಟ್ಟಿಗೆಗಳ ನಡುವೆ ಕೂತು ಉಣ್ತಿದ್ದರು. ನಮ್ಮನ್ನ ಕಂಡು ಮಾತು ನಿಲ್ಲಿಸಿದರು. ಅಲ್ಲಿನ ಸೂಪರ್‌ವೈಸರ್ ಬಾಗಿಲಲ್ಲೇ ಕೇಳಿದ, "ಇಲ್ಲೇನು ಕೆಲಸ ನಿಮಗೆ?"

"ಊಟಕ್ಕೆ ಬಂದ್ವಿ," ಅಂದು ಅತ್ತಿಗೆ ಅವನನ್ನ ದಾಟಿ ಒಳಗೆ ನಡೆದಳು.

ನರೆಗೂದಲಿನ ಒಬ್ಬಳು ಪೆಟ್ಟಿಗೆ ಸರಿಸಿ ಜಾಗ ಮಾಡಿಕೊಟ್ಟಳು. ಅತ್ತಿಗೆ ಕೂತಳು. ಡಬ್ಬಿ ತೆಗೆಯೋಕೂ ಬಿಡಲಿಲ್ಲ, ಸುತ್ತ ಹತ್ತು ಹದಿನೈದು ಜನ ಜರುಗಿ ಬಂದರು.

"ಮೊದಲಿಂದ ಹೇಳು ತಾಯಿ," ಅಂದಳು ಆ ಮುದುಕಿ. "ಒಂದು ಮಾತೂ ಬಿಡಬೇಡ."